ಹಿಂದಿನ ಓಣಿಗಳಲ್ಲಿ ಬದುಕು ಉಳಿಯುವುದು ಯಾವುದರಿಂದ?

ಓಣಿಮನೆ

ಮುಖ್ಯರಸ್ತೆಯ ಬಗ್ಗೆ ಮಾತಾಡುವವರಿಗೆ ಕೊರತೆಯಿಲ್ಲ. ಎಷ್ಟು ಅಗಲ ಬೇಕು, ಎಷ್ಟು ವಾಹನ ಓಡುತ್ತವೆ, ಮೇಲ್ಸೇತುವೆ ಬೇಕೋ ಬೇಡವೋ ಎಂದು ದಿನವೂ ಚರ್ಚೆ. ಅದರ ಬೆನ್ನಿಗೇ ಇರುವ ಓಣಿಯ ಮಾತು ಬರುವುದು ಅಲ್ಲಿ ಕಸ ಬಿದ್ದಾಗ, ಕಳವಾದಾಗ, ಇಲ್ಲವೇ ಯಾರಾದರೂ ಗೋಡೆಗೆ ಬಣ್ಣ ಬಳಿದು ಫೋಟೋ ಹಾಕಿದಾಗ. ಇದು ನನಗೆ ಬಹಳ ದಿನದಿಂದ ಬೇಸರ ತಂದಿರುವ ಸಂಗತಿ.

ಯಾವುದಾದರೂ ಹಳೆಯ ಓಣಿಗೆ ಬೆಳಗ್ಗೆ ಹೊಕ್ಕು ನೋಡಿ. ದೊಡ್ಡ ರಸ್ತೆಯ ಗದ್ದಲ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತಗ್ಗುತ್ತದೆ. ಮೆಟ್ಟಿಲ ಮೇಲೆ ಕೂತ ಅಜ್ಜಿ ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಾರೆ. ಒಂದು ಮನೆಯ ಬಟ್ಟೆ ಎದುರು ಮನೆಯ ಕಿಟಕಿ ಸರಳಿಗೆ ಕಟ್ಟಿದ ಹಗ್ಗದ ಮೇಲೆ ಒಣಗುತ್ತಿರುತ್ತದೆ. ಅಂದರೆ ಆ ಹಗ್ಗ ಕಟ್ಟುವ ಮೊದಲು ಎರಡೂ ಮನೆಯವರು ಮಾತಾಡಿಕೊಂಡಿದ್ದಾರೆ. ಸೈಕಲ್ ಕಲಿಯುವ ಮಗುವಿನ ಹಿಂದೆ ಸೀಟು ಹಿಡಿದು ಓಡುವವರು ಆ ಮಗುವಿನ ಮನೆಯವರೇ ಆಗಿರಬೇಕೆಂದಿಲ್ಲ. ನಗರದಲ್ಲಿ ಜನ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಜಾಗ ಇನ್ನೂ ಉಳಿದಿದ್ದರೆ ಅದು ಹೆಚ್ಚಾಗಿ ಇಲ್ಲೇ.

ಆದರೆ ಎಲ್ಲ ಓಣಿಗಳೂ ಹೀಗಿಲ್ಲ. ಅಷ್ಟೇ ಅಗಲದ, ಅಷ್ಟೇ ಹಳೆಯ ಇನ್ನೊಂದು ಓಣಿಯಲ್ಲಿ ಹಗಲಲ್ಲೂ ಒಬ್ಬರೇ ನಡೆಯಲು ಅಳುಕು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ತಿಳಿದವರು, ಬಾಳಿದವರು ದಯವಿಟ್ಟು ಬರೆಯಿರಿ.

ನಕ್ಷೆಗಣ್ಣು

ಒಳ್ಳೆಯ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರದ ಅರ್ಧ ಭಾಗ ಹುಟ್ಟಿನಲ್ಲೇ ಇದೆ. ಓಣಿಗಳು ಹುಟ್ಟುವುದು ಎರಡು ಬಗೆಯಲ್ಲಿ. ಕೆಲವನ್ನು ಜನ ವಾಸಿಸಲೆಂದು ಬಿಟ್ಟರು, ಕೆಲವನ್ನು ಕೊಳೆ ಸಾಗಿಸಲೆಂದು ಬಿಟ್ಟರು.

ಎರಡನೆಯದರಿಂದ ಶುರುಮಾಡುತ್ತೇನೆ. ಷಿಕಾಗೊ ನಗರದ 1830ರ ಮೊದಲ ನಕ್ಷೆಯಲ್ಲೇ ಮನೆಗಳ ಹಿಂಬದಿಗೆ ಓಣಿ ಗುರುತಿಸಲಾಗಿತ್ತು. ಕುದುರೆಗಾಡಿ, ಕಲ್ಲಿದ್ದಲು, ಬೂದಿ, ಕಸ ಎಲ್ಲ ಅಲ್ಲಿಂದ. ಇಂದು ಆ ಊರಿನ ಓಣಿಗಳನ್ನೆಲ್ಲ ಸೇರಿಸಿದರೆ ಸುಮಾರು 3,000 ಕಿ.ಮೀ. ಆಗುತ್ತದೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಇದಕ್ಕೆ ತದ್ವಿರುದ್ಧ. 1811ರ ಯೋಜನೆ ಹಿಂಬದಿ ಓಣಿಗೆ ಜಾಗವನ್ನೇ ಇಡಲಿಲ್ಲ, ಹಾಗಾಗಿ ಅಲ್ಲಿ ಕಸದ ಚೀಲಗಳು ಮುಂಬಾಗಿಲ ಪಾದಚಾರಿ ಹಾದಿಗೇ ಬಂದವು.

ಮೆಲ್ಬರ್ನ್‌ನಲ್ಲಿ ಭೂಮಾಪಕ ರಾಬರ್ಟ್ ಹಾಡಲ್ 1837ರಲ್ಲಿ ಎಳೆದ ನಕ್ಷೆಯಲ್ಲಿ ದೊಡ್ಡ ರಸ್ತೆ 99 ಅಡಿ, ಅದರ ಹಿಂದಿನ ಚಿಕ್ಕ ರಸ್ತೆ 33 ಅಡಿ. ಆಮೇಲೆ ನಿವೇಶನಗಳನ್ನು ತುಂಡುಮಾಡುತ್ತಾ ಹೋದಂತೆ ಒಳಗೊಳಗೆ ಸಣ್ಣ ಓಣಿಗಳು ಹುಟ್ಟಿದವು. 1897ರಲ್ಲಿ ಒಳಚರಂಡಿ ಬರುವವರೆಗೆ ಮಲದ ಗಾಡಿಗಳು ರಾತ್ರಿ ಓಡಾಡಿದ್ದು ಇಲ್ಲೇ. ಸಿಂಗಪುರದಲ್ಲಿ ಬೆನ್ನಿಗೆ ಬೆನ್ನು ಅಂಟಿದ್ದ ಅಂಗಡಿಮನೆಗಳ ನಡುವೆ ಗಾಳಿ ಬೆಳಕಿಗಾಗಿ, ಸ್ವಚ್ಛತೆಗಾಗಿ ಓಣಿ ಸೀಳಬೇಕೆಂದು ಸಾರ್ವಜನಿಕ ಆರೋಗ್ಯ ತಜ್ಞ ಡಾ. ಸಿಂಪ್ಸನ್ 1907ರಲ್ಲಿ ವರದಿ ಕೊಟ್ಟರು. ಅಲ್ಲಿ ಮಲದ ಬಕೆಟ್ ಹೊರುವ ಪದ್ಧತಿ ಪೂರ್ತಿ ನಿಂತದ್ದು 1987ರಲ್ಲಿ. ಈ ಓಣಿಗಳಲ್ಲಿ ನಡೆದು ಹೊರೆ ಹೊತ್ತವರ ನೆನಪಿಲ್ಲದೆ ಓಣಿಯ ಚೆಲುವಿನ ಬಗ್ಗೆ ಮಾತಾಡುವುದು ನನಗೆ ಸರಿಕಾಣದು.

ವಾಸದ ಓಣಿಗಳ ಕಥೆ ಬೇರೆ. ಬೀಜಿಂಗ್‌ನ ಹುಟಾಂಗ್ ಎಂಬ ಓಣಿಗಳ ಬುಡ 13ನೇ ಶತಮಾನದ ಯುವಾನ್ ರಾಜವಂಶದ ರಾಜಧಾನಿಯಲ್ಲಿದೆ. ಅಂಗಳದ ಮನೆಗಳು ದಕ್ಷಿಣಕ್ಕೆ ಮುಖಮಾಡಿ ಬಿಸಿಲು ಹಿಡಿಯಲೆಂದು ಓಣಿಗಳು ಬಹುತೇಕ ಪೂರ್ವ ಪಶ್ಚಿಮವಾಗಿ ಸಾಗುತ್ತವೆ. ಅಲ್ಲಿ ಓಣಿಯೇ ಮನೆಯ ಮುಂಭಾಗ.

ಮೂರನೇಮಹಡಿ

ಹುಟ್ಟು ಮುಖ್ಯ, ಒಪ್ಪುತ್ತೇನೆ. ಆದರೆ ಅದಕ್ಕಿಂತ ದೊಡ್ಡದು ವಾಹನಗಳ ಓಡಾಟ, ಅವುಗಳ ವೇಗ.

ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸದ ಪ್ರಾಧ್ಯಾಪಕರು 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ಮನೆಗಳು, ಜನ ಹೆಚ್ಚುಕಡಿಮೆ ಒಂದೇ ತರಹ. ಬೇರೆಯಾದದ್ದು ವಾಹನ ಸಂಚಾರ. ದಿನಕ್ಕೆ ಸುಮಾರು 2,000 ವಾಹನ ಹೋಗುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ ಮೂವರು ಸ್ನೇಹಿತರು, ಆರು ಚಿಲ್ಲರೆ ಪರಿಚಿತರು ಅದೇ ಬೀದಿಯಲ್ಲಿದ್ದರು. ಸುಮಾರು 16,000 ವಾಹನ ಹೋಗುವ ಬೀದಿಯಲ್ಲಿ ಸ್ನೇಹಿತರ ಸರಾಸರಿ ಒಂದಕ್ಕಿಂತ ಕಡಿಮೆ, ಪರಿಚಿತರು ಮೂವರು. ನಿಮ್ಮ ಬೀದಿ ಯಾವುದೆಂದು ನಕ್ಷೆಯಲ್ಲಿ ಗುರುತು ಮಾಡಿ ಎಂದರೆ ಶಾಂತ ಬೀದಿಯವರು ಇಡೀ ಬೀದಿಯನ್ನೇ ತಮ್ಮದೆಂದು ಸುತ್ತು ಹಾಕಿದರು. ಗದ್ದಲದ ಬೀದಿಯವರು ತಮ್ಮ ಕಟ್ಟಡವನ್ನಷ್ಟೇ.

ಓಣಿ ಕಾರನ್ನು ತಾನಾಗಿಯೇ ಹೊರಗಿಡುತ್ತದೆ. ಅದಕ್ಕೆ ಫಲಕ ಬೇಡ, ಪೊಲೀಸರು ಬೇಡ. ಮೊರಾಕೊದ ಫೆಸ್ ನಗರದ ಹಳೆಯ ಭಾಗದಲ್ಲಿ ಇವತ್ತಿಗೂ ಸಾಮಾನು ಸಾಗುವುದು ಕತ್ತೆ, ಹೇಸರಗತ್ತೆಗಳ ಮೇಲೆ. ಆದರೆ ಈಗ ಬಹಳ ಕಡೆ ಓಣಿಯ ನೆಮ್ಮದಿ ಕೆಡಿಸುತ್ತಿರುವುದು ಬೈಕ್. ಕಾರು ನುಗ್ಗದ ಜಾಗಕ್ಕೆ ಬೈಕ್ ನುಗ್ಗುತ್ತದೆ, ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ಓಣಿ ಹಿಡಿಯುತ್ತಾರೆ. ಒಮ್ಮೆ ಅದು ಅಡ್ಡದಾರಿಯಾಯಿತೆಂದರೆ ಮುಗಿಯಿತು, ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಮಕ್ಕಳು ಒಳಗೆ ಹೋದ ಮೇಲೆ ಹಿರಿಯರಿಗೂ ಹೊರಗೆ ಕೂರಲು ನೆಪವಿಲ್ಲ.

ನೆದರ್ಲೆಂಡ್ಸ್‌ನವರು 1976ರಲ್ಲಿ ಇದಕ್ಕೆ ಕಾನೂನನ್ನೇ ಮಾಡಿದರು: ವಾಸದ ಬೀದಿ ಎಂದು ಗುರುತಾದ ಕಡೆ ವಾಹನ ನಡಿಗೆಯ ವೇಗದಲ್ಲೇ ಹೋಗಬೇಕು, ಮಕ್ಕಳು ಬೀದಿಯ ಪೂರ್ತಿ ಅಗಲದಲ್ಲಿ ಆಡಬಹುದು. ಡೆಲ್ಫ್ಟ್ ಪಟ್ಟಣದಲ್ಲಿ ನಡೆದ ಪ್ರಯೋಗಗಳಿಂದ ಬಂದದ್ದು ಅದು.

ಹೊಸ್ತಿಲು

ಎಲ್ಲರೂ ಸೊಗಸನ್ನೇ ಹೇಳುತ್ತಿದ್ದೀರಿ. ಹೆಣ್ಣಾಗಿ ನನ್ನದೊಂದು ಮಾತು.

ಕತ್ತಲಾದ ಮೇಲೆ ಎರಡು ದಾರಿ ಇದ್ದರೆ ನಾನು ಓಣಿ ಹಿಡಿಯುವುದಿಲ್ಲ, ಸುತ್ತಾದರೂ ಮುಖ್ಯರಸ್ತೆಯಲ್ಲೇ ಬರುತ್ತೇನೆ. ನನಗೆ ಗೊತ್ತಿರುವ ಬಹಳಷ್ಟು ಹೆಂಗಸರು ಇದನ್ನೇ ಮಾಡುತ್ತಾರೆ. ಇನ್ನು ವಾಸದ ಓಣಿಯಲ್ಲಿ ಭಯವಿಲ್ಲ, ನಿಜ, ಆದರೆ ಅಲ್ಲಿ ಎಲ್ಲರ ಕಣ್ಣೂ ನಮ್ಮ ಮೇಲೆ. ಎಷ್ಟು ಹೊತ್ತಿಗೆ ಬಂದಳು, ಯಾರ ಜೊತೆ ಬಂದಳು, ಏನು ಉಟ್ಟಿದ್ದಳು. ಕಾಯುವ ಕಣ್ಣೂ ಕೆಣಕುವ ಕಣ್ಣೂ ಒಂದೇ ಕಿಟಕಿಯಿಂದ ನೋಡುತ್ತವೆ. ಓಣಿಯ ಬದುಕನ್ನು ಹೊಗಳುವವರಲ್ಲಿ ಗಂಡಸರೇ ಹೆಚ್ಚು ಎಂದು ನನಗೆ ಅನ್ನಿಸಿದೆ.

ಇಂಗ್ಲೆಂಡಿನ ಲಿವರ್‌ಪೂಲ್‌ನಂಥ ನಗರಗಳಲ್ಲಿ ಸಾಲುಮನೆಗಳ ಹಿಂದಿನ ಓಣಿಗಳಿಗೆ ಸಾವಿರಾರು ಗೇಟುಗಳನ್ನೇ ಹಾಕಿದರು, ಬೀಗದ ಕೈ ಅಲ್ಲಿಯ ನಿವಾಸಿಗಳಿಗೆ ಮಾತ್ರ. ಮನೆಗಳ್ಳತನ ಕಡಿಮೆಯಾಯಿತೆಂದು ಅಧ್ಯಯನಗಳೇ ಹೇಳಿದವು. ಹಾಗಾದರೆ ಮುಚ್ಚುವುದೇ ಒಳ್ಳೆಯದಲ್ಲವೇ?

ಓಣಿಮನೆ

ಹೊಸ್ತಿಲು ಅವರೇ, ನೀವು ಹೇಳಿದ ಕಣ್ಣಿನ ಮಾತು ನೂರಕ್ಕೆ ನೂರು ಸತ್ಯ. ಅದಕ್ಕೆ ಸಮಾಧಾನ ಹೇಳಲು ಹೋಗುವುದಿಲ್ಲ.

ಆದರೆ ಲಿವರ್‌ಪೂಲಿನ ಉದಾಹರಣೆಯೇ ನನ್ನ ಮೂಲ ಪ್ರಶ್ನೆಗೆ ದಾರಿ ತೋರಿಸುತ್ತಿದೆ. ಆ ಓಣಿಗಳಲ್ಲಿ ಏನಿತ್ತು ನೋಡಿ: ಎರಡೂ ಕಡೆ ಹಿತ್ತಿಲಿನ ಎತ್ತರದ ಗೋಡೆ. ಆಗೊಮ್ಮೆ ಈಗೊಮ್ಮೆ ತೆರೆಯುವ ಹಿಂಬಾಗಿಲು. ಮನೆಯ ಮುಖವೆಲ್ಲ ಆಚೆ ಬದಿಗೆ. ಕಳ್ಳನಿಗೆ ಬೇಕಾದದ್ದೇ ಅದು. ಹುಟಾಂಗ್‌ನಲ್ಲಿ, ಟೋಕಿಯೋದ ಹಳೆಯ ಓಣಿಗಳಲ್ಲಿ, ಶಾಂಘೈಯ ಲಿಲಾಂಗ್ ಎಂಬ ಓಣಿ ವಠಾರಗಳಲ್ಲಿ ದಿನಬಳಕೆಯ ಬಾಗಿಲೇ ಓಣಿಗೆ ತೆರೆಯುತ್ತದೆ. ಬೆಳಗ್ಗೆ ಹಾಲಿಗೆ ಹೊರಟವರು, ಶಾಲೆಯಿಂದ ಬಂದವರು, ಎಲ್ಲರೂ ಆ ಬಾಗಿಲಿಂದಲೇ.

ಅಗಲ, ಹಳೆತನ, ಬಡತನ ಯಾವುದೂ ಅಲ್ಲ. ಓಣಿಗೆ ಎಷ್ಟು ಬಾಗಿಲು ತೆರೆಯುತ್ತವೆ, ಅವನ್ನು ದಿನಕ್ಕೆ ಎಷ್ಟು ಸಲ ಬಳಸುತ್ತಾರೆ ಎನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ನನಗೀಗ ಅನ್ನಿಸುತ್ತಿದೆ.

ಇಟ್ಟಿಗೆಗಾರೆ

ಬಡತನ ಲೆಕ್ಕಕ್ಕಿಲ್ಲ ಎಂದು ಇಷ್ಟು ಸುಲಭವಾಗಿ ಹೇಳಬೇಡಿ.

ವಾಷಿಂಗ್ಟನ್ ನಗರದ ಕಥೆ ಕೇಳಿ. ಅಮೆರಿಕದ ಅಂತರ್ಯುದ್ಧದ ನಂತರ ದಕ್ಷಿಣದ ಹಳ್ಳಿಗಳಿಂದ ಬಂದ ಕಪ್ಪು ಜನರಲ್ಲಿ ಎಷ್ಟೋ ಕುಟುಂಬಗಳು ಅಲ್ಲಿನ ದೊಡ್ಡ ಮನೆಗಳ ಬೆನ್ನಿನ ಓಣಿಗಳಲ್ಲಿ ನೆಲೆನಿಂತವು. ಪುಟ್ಟ ಇಟ್ಟಿಗೆ ಮನೆಗಳು, ನಲ್ಲಿ ಇಲ್ಲ, ಒಳಚರಂಡಿ ಇಲ್ಲ, ಕ್ಷಯ. ಬಾಗಿಲುಗಳು ಓಣಿಗೇ ತೆರೆಯುತ್ತಿದ್ದವು, ನಿಮ್ಮ ಸೂತ್ರದ ಪ್ರಕಾರವೇ. ಆಗಿನ ಅಧ್ಯಕ್ಷರ ಪತ್ನಿ ಎಲೆನ್ ವಿಲ್ಸನ್ ಈ ಮನೆಗಳನ್ನು ತೆಗೆಸಲು ಪಟ್ಟು ಹಿಡಿದಿದ್ದರು. 1914ರಲ್ಲಿ ಅವರು ಸಾವಿನ ಹಾಸಿಗೆಯಲ್ಲಿದ್ದಾಗ ಸೆನೆಟ್ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದು ಜಾರಿಯಾಗದೆ ಉಳಿದು, 1934ರಲ್ಲಿ ಮತ್ತೊಂದು ಕಾಯ್ದೆ ಬಂದು, ಓಣಿಮನೆಗಳನ್ನು ತೆಗೆಸಲೆಂದೇ ಒಂದು ಪ್ರಾಧಿಕಾರ ಹುಟ್ಟಿತು.

ಸುಧಾರಕರು ಆ ಓಣಿಗಳನ್ನು ಕಂಡದ್ದು ಅಪರಾಧದ, ರೋಗದ, ಕೆಟ್ಟ ನಡತೆಯ ಗೂಡಾಗಿ. ಮುಂದೆ ಜೇಮ್ಸ್ ಬೋರ್ಚರ್ಟ್ ಎಂಬ ಇತಿಹಾಸಕಾರರು ದಾಖಲೆಗಳನ್ನು, ಹಳೆಯ ಫೋಟೋಗಳನ್ನು ಮತ್ತೆ ಜಾಲಾಡಿದಾಗ ಬೇರೆಯೇ ಚಿತ್ರ ಸಿಕ್ಕಿತು: ಬಂಧುಗಳ ಜಾಲ, ನೆರೆಯವರು ಸಾಕಿದ ಮಕ್ಕಳು, ಕೆಲಸ ಹೋದವರಿಗೆ ಆಸರೆ. ಅವರ 1980ರ ಅಧ್ಯಯನದ ತಿರುಳು ಇದು. ನಾನು ಎರಡನ್ನೂ ನಂಬುತ್ತೇನೆ. ಕ್ಷಯವೂ ಇತ್ತು, ಆಸರೆಯೂ ಇತ್ತು. ಆಸರೆ ಇದ್ದದ್ದರಿಂದ ನಲ್ಲಿ ಬೇಡ ಎನ್ನಲಾಗದು. ನಲ್ಲಿ ಇರಲಿಲ್ಲ ಎಂಬ ಕಾರಣಕ್ಕೆ ಆ ಜನರನ್ನೇ ಚದುರಿಸಿದ್ದು ಅನ್ಯಾಯ. ನಲ್ಲಿ ಹಾಕಿಸಬಹುದಿತ್ತಲ್ಲ! ಕೆಡವದೆ ಬಿಟ್ಟ ಕೆಲವು ಮನೆಗಳು ಈಗ ಅಲ್ಲಿ ದುಬಾರಿ ಆಸ್ತಿ. ಅವು ಹುಟ್ಟಿದ್ದು ಯಾರಿಗಾಗಿಯೋ ಅಂಥವರು ಇವತ್ತು ಅವನ್ನು ಕೊಳ್ಳುವ ಹಾಗಿಲ್ಲ.

ನಕ್ಷೆಗಣ್ಣು

ಇಟ್ಟಿಗೆಗಾರೆ ಅವರು ಹೇಳಿದ್ದನ್ನು ಓದಿ ಸುಮ್ಮನಾಗಿಬಿಟ್ಟೆ. ಇದನ್ನು ಬರೆದದ್ದಕ್ಕೆ ಧನ್ಯವಾದ.

ಬಾವಿಕಟ್ಟೆ

ಬಾಗಿಲು ಇದ್ದರೆ ಸಾಲದು, ಬಾಗಿಲ ಹೊರಗೆ ಎಲ್ಲರಿಗೂ ಸೇರಿದ ಒಂದು ಕೆಲಸ ಇರಬೇಕು ಎಂಬುದು ನನ್ನ ಮಾತು.

ಎಡೋ ಕಾಲದ, ಅಂದರೆ 17ರಿಂದ 19ನೇ ಶತಮಾನದ, ಟೋಕಿಯೋದಲ್ಲಿ ಸಾಲುಕೋಣೆಯ ಮನೆಗಳ ಓಣಿಗೆ ಒಂದೇ ಬಾವಿ, ಒಂದೇ ಶೌಚಾಲಯ, ಕಸಕ್ಕೆ ಒಂದೇ ಗುಂಡಿ. ನೀರು ಸೇದುವಾಗ ಮಾತಾಡದೆ ಇರುವುದು ಹೇಗೆ? ಬಾವಿ ಶುಚಿ ಮಾಡುವ ದಿನ ಎಲ್ಲರೂ ಹಗ್ಗ ಹಿಡಿಯಬೇಕಿತ್ತು. ಮನೆಮನೆಗೆ ನಲ್ಲಿ ಬಂದದ್ದು ಒಳ್ಳೆಯದೇ, ಹೆಂಗಸರ ಸೊಂಟ ಉಳಿಯಿತು. ಆದರೆ ಕೂಡಿ ಮಾಡುವ ಕೆಲಸ ಒಂದೊಂದಾಗಿ ಮನೆಯೊಳಗೆ ಸೇರಿದ ಹಾಗೆ ಓಣಿ ಬರೀ ದಾರಿಯಾಗುತ್ತದೆ. ಹೊಸ ಕೆಲಸ ಹುಡುಕಿಕೊಂಡ ಕಡೆ ಅದು ಮತ್ತೆ ಜೀವ ಹಿಡಿದಿದೆ.

ಟೋಕಿಯೋದ ಸುಮಿದಾ ವಾರ್ಡಿನ ಮುಕೋಜಿಮಾ ಭಾಗದಲ್ಲಿ 1980ರ ದಶಕದ ಕೊನೆಯಿಂದ ಓಣಿಗಳಲ್ಲಿ ಮಳೆನೀರಿನ ತೊಟ್ಟಿ ಮಾಡಿದ್ದಾರೆ. ಅಕ್ಕಪಕ್ಕದ ಸೂರಿನ ನೀರು ನೆಲದಡಿಯ ತೊಟ್ಟಿಗೆ ಇಳಿಯುತ್ತದೆ, ಮೇಲೆ ಕೈಪಂಪು. ದಿನವೂ ಕುಂಡಗಳಿಗೆ ಅದೇ ನೀರು. ಬೆಂಕಿ ಬಿದ್ದರೂ ಅದೇ. ಅಲ್ಲಿನ ಓಣಿಗಳ ಕುಂಡಗಳನ್ನು ಫೋಟೋದಲ್ಲಿ ನೋಡಿರುತ್ತೀರಿ, ಮನೆಗೆ ತೋಟವಿಲ್ಲದವರು ಗೋಡೆಯುದ್ದಕ್ಕೂ ಇಟ್ಟಿರುತ್ತಾರೆ. ದಿನವೂ ನೀರು ಹಾಕಲು ಹೊರಗೆ ಬರಲೇಬೇಕಲ್ಲ, ಅದರಿಂದ ಪಂಪಿನ ಸುತ್ತ ಮಾತು ಬೆಳೆಯುತ್ತದೆ.

ಹಗಲುಪಾಳಿ

ಬೆಂಕಿಯ ಮಾತು ಬಂತು, ನಾನು ಆ ಕ್ಷೇತ್ರದಲ್ಲಿ ಕೆಲಸ ಮಾಡಿದವನು, ಹೇಳಲೇಬೇಕು. ಇಕ್ಕಟ್ಟಿನ ಓಣಿ ನಮಗೆ ದುಃಸ್ವಪ್ನ. ಅಗ್ನಿಶಾಮಕ ವಾಹನ ಒಳಗೆ ಹೋಗುವುದಿಲ್ಲ, ಪೈಪು ಎಳೆದುಕೊಂಡು ಓಡಬೇಕು, ಆ ಹೊತ್ತಿಗೆ ಬೆಂಕಿ ಎದುರು ಸೂರಿಗೆ ಹಾರಿರುತ್ತದೆ. ಗಾಲಿಕುರ್ಚಿಯಲ್ಲಿರುವವರನ್ನು, ಹಾಸಿಗೆ ಹಿಡಿದವರನ್ನು ಹೊರತರುವುದು ಇನ್ನೂ ಕಷ್ಟ. 1995ರ ಜನವರಿ 17ರ ಭೂಕಂಪದಲ್ಲಿ ಕೋಬೆ ನಗರದ ನಗಾತಾ ವಾರ್ಡಿನಲ್ಲಿ ಮರದ ಮನೆಗಳ ಒತ್ತೊತ್ತಿನ ಬೀದಿಗಳು ಸುಟ್ಟುಹೋದದ್ದು ನಮ್ಮ ತರಬೇತಿಯಲ್ಲಿ ಬರುವ ಪಾಠ. ಜಪಾನಿನ 1950ರ ಕಟ್ಟಡ ಕಾಯ್ದೆ ರಸ್ತೆಗೆ ಕನಿಷ್ಠ 4 ಮೀಟರ್ ಅಗಲ ಕೇಳುವುದು ಸುಮ್ಮನೆ ಅಲ್ಲ. ಅದಕ್ಕಿಂತ ಕಿರಿದಾದ ಓಣಿಯಲ್ಲಿ ಮನೆ ಮರಳಿ ಕಟ್ಟುವವರು ಓಣಿಯ ನಡುಗೆರೆಯಿಂದ 2 ಮೀಟರ್ ಹಿಂದೆ ಸರಿಯಬೇಕು.

ಬಾವಿಕಟ್ಟೆ

ಹಗಲುಪಾಳಿಯವರೇ, ನಿಮ್ಮ ಅನುಭವಕ್ಕೆ ಗೌರವವಿದೆ. ಆದರೆ ಅದೇ ನಗಾತಾ ವಾರ್ಡಿನಲ್ಲೇ ಮಾನೋ ಎಂಬ ಬಡಾವಣೆಯೂ ಇದೆ. ಅಲ್ಲಿನವರು ದಶಕಗಳಿಂದ ಕಾರ್ಖಾನೆ ಹೊಗೆಯ ವಿರುದ್ಧ, ಉದ್ಯಾನಕ್ಕಾಗಿ, ಮುದುಕರ ಆರೈಕೆಗಾಗಿ ಸಂಘ ಕಟ್ಟಿ ದುಡಿದವರು. ಭೂಕಂಪದ ಬೆಳಗ್ಗೆ ಸಾಲಾಗಿ ನಿಂತು ಬಕೆಟ್ ದಾಟಿಸಿದರು, ಪಕ್ಕದ ಕಾರ್ಖಾನೆಯ ಅಗ್ನಿಶಾಮಕ ತಂಡ ಕೈಜೋಡಿಸಿತು, ಬೆಂಕಿ ಅಲ್ಲಿಗೇ ನಿಂತಿತು. ಯಾವ ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂಬುದು ನೆರೆಯವರಿಗೆ ಗೊತ್ತಿದ್ದರೆ ಅವಶೇಷ ಅಗೆಯುವವರಿಗೆ ಎಲ್ಲಿ ಅಗೆಯಬೇಕೆಂದು ಗೊತ್ತಿರುತ್ತದೆ.

ಹಗಲುಪಾಳಿ

ಮಾನೋ ವಿಷಯ ನಿಜ, ನಾನೂ ಓದಿದ್ದೇನೆ. ಓಣಿಯನ್ನು ಅಗಲ ಮಾಡದೆಯೂ ಪರಿಹಾರ ಇದೆ ಎಂಬುದಕ್ಕೆ ನಾನೇ ಒಂದು ಉದಾಹರಣೆ ಕೊಡುತ್ತೇನೆ. ಒಸಾಕಾದ ಹೊಝೆಂಜಿ ಯೊಕೊಚೊ ಎಂಬ ಓಣಿ 2002ರಲ್ಲಿ, ಮತ್ತೆ 2003ರಲ್ಲಿ ಬೆಂಕಿಗೆ ಸಿಕ್ಕಿತು. ನಿಯಮದಂತೆ 4 ಮೀಟರ್ ಬಿಟ್ಟಿದ್ದರೆ ಆ ಓಣಿಯ ಚಹರೆಯೇ ಹೋಗುತ್ತಿತ್ತು. ಜನ ಸಹಿ ಸಂಗ್ರಹಿಸಿ ಒತ್ತಾಯಿಸಿದರು. ಕೊನೆಗೆ ಅಲ್ಲಿನ ಕಟ್ಟಡಗಳನ್ನೆಲ್ಲ ಒಂದೇ ನಿವೇಶನದಲ್ಲಿರುವಂತೆ ಪರಿಗಣಿಸುವ ವಿಧಿಯನ್ನು ಬಳಸಿ, ಬೆಂಕಿ ತಡೆಯುವ ರಚನೆ ಕಡ್ಡಾಯ ಮಾಡಿ, 2.7 ಮೀಟರ್ ಅಗಲಕ್ಕೇ ಒಪ್ಪಿಗೆ ಸಿಕ್ಕಿತು. ಆದರೆ ಇದನ್ನು ಒಬ್ಬ ಮಾಲೀಕ ಮಾಡಲಾಗದು. ಎಲ್ಲ ಮಾಲೀಕರೂ ಒಂದೇ ಕಾಗದಕ್ಕೆ ಸಹಿ ಹಾಕಬೇಕು.

ಮೂರನೇಮಹಡಿ

ಬಣ್ಣ ಬಳಿಯುವ ಯೋಜನೆಗಳ ಬಗ್ಗೆ ಯಾರೂ ಹೇಳಲಿಲ್ಲ. ಮೆಲ್ಬರ್ನ್‌ನ ಓಣಿಗಳು 1990ರ ದಶಕದಿಂದ ಕೆಫೆ, ಚಿತ್ರದ ಗೋಡೆಗಳಿಂದ ಜಗತ್ತಿಗೇ ಹೆಸರಾದವು. ಡೆನ್ಮಾರ್ಕ್‌ನ ವಾಸ್ತುಶಿಲ್ಪಿ ಯಾನ್ ಗೇಲ್ ನಗರಸಭೆಯ ಜೊತೆ ಸೇರಿ 1994ರಲ್ಲಿ ಜನರ ಓಡಾಟ ಎಣಿಸಿ ವರದಿ ಕೊಟ್ಟಿದ್ದರು. ಸತ್ತಂತಿದ್ದ ನಗರಮಧ್ಯ ಎದ್ದು ಕೂತದ್ದು ದೊಡ್ಡ ಸಾಧನೆ. ಇದು ನಮಗೂ ಮಾದರಿಯೇ?

ಓಣಿಮನೆ

ಮೆಲ್ಬರ್ನ್ ನಗರಮಧ್ಯಕ್ಕೆ ಸರಿ. ಅಲ್ಲಿ ಓಣಿಗಳು ಖಾಲಿ ಬಿದ್ದಿದ್ದವು, ಹೊರಗೆ ಹಾಕಬೇಕಾದ ಜನ ಹೆಚ್ಚಿರಲಿಲ್ಲ. ಜನ ವಾಸಿಸುವ ಓಣಿಗೆ ಅದನ್ನೇ ತಂದರೆ ಬಾಗಿಲುಗಳು ಅಂಗಡಿಯಾಗುತ್ತವೆ, ಬಾಡಿಗೆ ಏರುತ್ತದೆ, ಮೆಟ್ಟಿಲ ಮೇಲಿನ ಅಜ್ಜಿ ಮೊದಲು ಹೋಗುತ್ತಾರೆ. ಫೋಟೋ ತೆಗೆಯಲು ಬಂದವರು ಆ ಓಣಿಯಲ್ಲಿ ಬೆಳಕು ಆರಿದರೆ ಬಲ್ಬ್ ಹಾಕುವವರಲ್ಲ.

ನನಗೆ ಹೆಚ್ಚು ಹಿಡಿಸುವುದು ಮಾಂಟ್ರಿಯಲ್‌ನ ಹಸಿರು ಓಣಿಗಳು. ಅಲ್ಲಿ ನೆರೆಹೊರೆಯವರೇ ಸಮಿತಿ ಮಾಡಿಕೊಂಡು ಅರ್ಜಿ ಹಾಕಬೇಕು. ಒಪ್ಪಿಗೆ ಸಿಕ್ಕ ಮೇಲೆ ಆಡಳಿತ ಡಾಂಬರು ಅಗೆದು ಮಣ್ಣು ತೆರೆದುಕೊಡುತ್ತದೆ, ಗಿಡ ಕೊಡುತ್ತದೆ. ನೆಡುವುದು, ನೀರು ಹಾಕುವುದು, ಮುಂದೆ ನೋಡಿಕೊಳ್ಳುವುದು ಓಣಿಯವರ ಹೊಣೆ. ಬಾವಿಕಟ್ಟೆಯವರು ಹೇಳಿದ ಕೂಡುಕೆಲಸ ಇದೇ ಅಲ್ಲವೇ? ಷಿಕಾಗೊ 2006ರಿಂದ ತನ್ನ ಓಣಿಗಳಿಗೆ ನೀರು ಇಂಗುವ ನೆಲಹಾಸು ಹಾಕತೊಡಗಿದ್ದೂ ಒಳ್ಳೆಯದೇ, ಆದರೆ ಅದು ಗುತ್ತಿಗೆದಾರರ ಕೆಲಸ. ನೀರು ಇಂಗುತ್ತದೆ, ನೆರೆಹೊರೆ ಬೆಳೆಯುವುದಿಲ್ಲ.

ನಕ್ಷೆಗಣ್ಣು

ಹೊಸ್ತಿಲು ಅವರ ಗೇಟಿನ ಪ್ರಶ್ನೆ ಹಾಗೇ ಉಳಿದುಬಿಟ್ಟಿತು. ಮುಚ್ಚಬೇಕೋ ತೆರೆದಿಡಬೇಕೋ ಎಂದು ಎರಡೇ ದಾರಿ ಇದೆ ಎಂದುಕೊಳ್ಳಬೇಕಿಲ್ಲ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಟ್ರಾಬೂಲ್ ಎಂಬ ಹಾದಿಗಳಿವೆ. ಕಟ್ಟಡಗಳ ಹೊಟ್ಟೆಯೊಳಗೇ ಹಾದು ಒಂದು ಬೀದಿಯಿಂದ ಇನ್ನೊಂದಕ್ಕೆ ಹೋಗುವಂಥವು. ರೇಷ್ಮೆ ನೇಕಾರರು ಮಳೆಗೆ ಬಟ್ಟೆ ನೆನೆಯದಂತೆ ಸಾಗಿಸಿದ್ದು ಅಲ್ಲಿಂದ. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಕಣ್ಣು ತಪ್ಪಿಸಿ ಓಡಾಡಿದವರಿಗೂ ಅವೇ ದಾರಿ. ಅವು ಖಾಸಗಿ ಆಸ್ತಿ. ಹಲವು ಕಡೆ ನಗರಸಭೆ ಮಾಲೀಕರ ಜೊತೆ ಒಪ್ಪಂದ ಮಾಡಿಕೊಂಡಿದೆ: ಹಗಲು ಸಾರ್ವಜನಿಕರಿಗೆ ಬಿಡಬೇಕು, ಬದಲಿಗೆ ದೀಪ, ಶುಚಿಯ ಖರ್ಚಿನಲ್ಲಿ ನಗರದ ಪಾಲು. ಶಾಂಘೈಯ ಲಿಲಾಂಗ್‌ಗಳಿಗೂ ಬೀದಿ ಕಡೆ ಕಮಾನು ಬಾಗಿಲು ಇತ್ತು. ಒಳಗೆ ಒಂದು ದೊಡ್ಡ ಓಣಿ, ಅದರಿಂದ ಕವಲೊಡೆದ ಚಿಕ್ಕ ಓಣಿಗಳು. ಒಳಗೆ ಹೋದಷ್ಟೂ ಅಪರಿಚಿತರು ಕಡಿಮೆ.

ಹೊಸ್ತಿಲು

ಲಿಯೋನಿನ ರೀತಿ ನನಗೆ ಒಪ್ಪಿಗೆ. ಒಂದು ಸೇರಿಸುತ್ತೇನೆ. ಗೇಟು ಹಾಕುವ ಮುಂಚೆ ಸಭೆ ಕರೆಯುತ್ತಾರಲ್ಲ, ಅಲ್ಲಿ ಮನೆ ಮಾಲೀಕರಷ್ಟೇ ಕೂರುತ್ತಾರೆ. ಬಾಡಿಗೆಯವರು, ಆ ಓಣಿಯಲ್ಲಿ ನಡೆದು ಕೆಲಸಕ್ಕೆ ಹೋಗುವ ಹೆಂಗಸರು, ತಡರಾತ್ರಿ ಪಾಳಿ ಮುಗಿಸಿ ಬರುವವರು, ಇವರನ್ನೂ ಕೂರಿಸಿ. ದೀಪ ಎಲ್ಲಿ ಬೇಕೆಂದು ಅವರಿಗೆ ಗೊತ್ತಿರುತ್ತದೆ: ತಿರುವಿನಲ್ಲಿ ಬೇಕು, ಮತ್ತು ಮುಖ ಕಾಣುವಷ್ಟು ಕೆಳಗೆ ಬೇಕು. ಎತ್ತರದ ಕಂಬದಿಂದ ಬರುವ ಬೆಳಕಿನಲ್ಲಿ ಎದುರು ಬರುವವರ ತಲೆ ಮಾತ್ರ ಕಾಣುತ್ತದೆ.

ಓಣಿಮನೆ

ಇದನ್ನು ಬರೆದಿಟ್ಟುಕೊಂಡೆ. ನಮ್ಮ ಸುತ್ತಿನ ಓಣಿಗಳ ಪಟ್ಟಿ ಮಾಡಲು ಕೆಲವರು ಸೇರಿಕೊಂಡಿದ್ದೇವೆ. ಪ್ರತಿ ಓಣಿಗೂ ನಾಲ್ಕು ವಿಷಯ ಗುರುತು ಹಾಕುತ್ತೇವೆ: ದಿನವೂ ಬಳಸುವ ಬಾಗಿಲೆಷ್ಟು, ಬೈಕ್ ಅಡ್ಡದಾರಿ ಹೌದೋ ಅಲ್ಲವೋ, ಕೂಡಿ ಮಾಡುವ ಕೆಲಸ ಯಾವುದಾದರೂ ಇದೆಯೇ, ತಿರುವಿನಲ್ಲಿ ದೀಪವಿದೆಯೇ. ಹಗಲುಪಾಳಿಯವರೇ, ಬೆಂಕಿಯ ದೃಷ್ಟಿಯಿಂದ ಐದನೆಯದನ್ನು ನೀವು ಹೇಳಿ.

ಹಗಲುಪಾಳಿ

ಓಣಿಗೆ ಎರಡು ಕಡೆಯಿಂದ ದಾರಿ ಇದೆಯೇ, ಒಂದೇ ಕಡೆಯೇ ನೋಡಿ. ಕುರುಡು ಓಣಿಯಾದರೆ ಕೊನೆಯ ಮನೆಯಿಂದ ಬೀದಿಗೆ ಎಷ್ಟು ಮೀಟರ್ ಎಂದು ಅಳತೆ ಬರೆಯಿರಿ. ಹತ್ತಿರದ ನೀರಿನ ಮೂಲವನ್ನೂ ಗುರುತು ಹಾಕಿ. ಎದ್ದು ನಡೆಯಲಾಗದವರು ಯಾವ ಮನೆಯಲ್ಲಿದ್ದಾರೆ ಎಂಬುದನ್ನು ಮಾತ್ರ ಇಲ್ಲಿ ಎಲ್ಲರೆದುರು ಹಾಕಬೇಡಿ, ಆ ಓಣಿಯ ಇಬ್ಬರು ಮೂವರಿಗೆ ಗೊತ್ತಿದ್ದರೆ ಸಾಕು.